ಜಯಕ್ಕನ ಗುಂಡಣ್ಣ

ಜಯಕ್ಕನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಸ್ಪ್ರಿಂಗುಗಳನ್ನು ಅದುಮಿ ಅದುಮಿ ಅದರ ತುದಿ ಚಪ್ಪಟೆಯಾಗಿ, ನುಣುಪಾಗಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ನಮ್ಮ ಫ್ಯಾಕ್ಟರಿಗೆ ಬೆರಳಚ್ಚಿನ ಹಾಜರಿ ಯಂತ್ರ ಬಂದ ದಿನ ಅದು ಸೆಕ್ಯುರಿಟಿಯವನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರನ್ನೂ ಗುರುತಿಸಿತು, ಜಯಕ್ಕನನ್ನು ಮಾತ್ರ ಗುರುತಿಸಲಿಲ್ಲ. ಒಂಬತ್ತು ಸಲ ಒತ್ತಿಸಿದರು. ಹತ್ತನೇ ಸಲಕ್ಕೆ ಜಯಕ್ಕ ಸೆರಗಿನಲ್ಲಿ ಬೆರಳು ಒರೆಸಿಕೊಂಡು, "ನಾನಿಲ್ಲಿಗೆ ಬಂದು ಮೂವತ್ತು ವರ್ಸ ಆಯ್ತು. ಇದು ಇವತ್ತು ಬಂದೈತೆ. ಇದು ನನ್ನ ಕೇಳೋದೇನು?" ಎಂದು ಹೇಳಿ ಒಳಗೆ ಹೋಗಿಬಿಟ್ಟರು. ಅವರೊಬ್ಬರಿಗಾಗಿ ಹಳೆಯ ಹಾಜರಿ ಪುಸ್ತಕ ಗೇಟಿನಲ್ಲೇ ಉಳಿಯಿತು.

ಆ ಬೆರಳಿಗೆ ಮೊಬೈಲಿನ ಪರದೆಯೂ ಸರಿಯಾಗಿ ಮಣಿಯುತ್ತಿರಲಿಲ್ಲ. ಅದಕ್ಕೇ ಆಟ ಆಡುವಾಗ ಅವರು ಉಂಗುರದ ಬೆರಳಿನಿಂದ, ಕುಂಕುಮ ಇಡುವ ಹಾಗೆ, ಮೆಲ್ಲಗೆ ಒತ್ತುತ್ತಿದ್ದರು. ಆ ಬೆರಳಿನ ಮುಂದೆ ನಾನು ಸೋತ ಆಟಗಳಿಗೆ ಲೆಕ್ಕವಿಲ್ಲ.

ನಮ್ಮದು ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದಲ್ಲಿ ಸ್ಪ್ರಿಂಗ್ ಮಾಡುವ ಫ್ಯಾಕ್ಟರಿ. ಬೈಕಿನ ಕ್ಲಚ್ಚಿಗೆ, ಪಂಪಿನ ವಾಲ್ವಿಗೆ, ಎಂಥೆಂಥದ್ದಕ್ಕೋ ಬೇಕಾಗುವ ಸ್ಪ್ರಿಂಗುಗಳು ಅಲ್ಲಿ ತಯಾರಾಗುತ್ತವೆ. ಜಯಕ್ಕ ಫೈನಲ್ ಇನ್ಸ್‌ಪೆಕ್ಷನ್ ಮೇಜಿನವರು. ಅವರ ಕೈ ದಾಟದೆ ಒಂದು ಸ್ಪ್ರಿಂಗೂ ಹೊರಗೆ ಹೋಗುತ್ತಿರಲಿಲ್ಲ. ನಾನು ಡಿಪ್ಲೊಮಾ ಮುಗಿಸಿ ಕ್ವಾಲಿಟಿ ಎಂಜಿನಿಯರ್ ಎಂಬ ದೊಡ್ಡ ಹೆಸರಿನ ಕೆಲಸಕ್ಕೆ ಸೇರಿದವಳು. ಜಯಕ್ಕ ಪಾಸು ಮಾಡಿದ ಮಾಲಿನ ಸರ್ಟಿಫಿಕೇಟುಗಳಿಗೆ ದಿನವಿಡೀ ಠಸ್ಸೆ ಒತ್ತುವುದೇ ಆ ಕೆಲಸ. ಠಸ್ಸೆಯ ನೇರಳೆ ಇಂಕು ನನ್ನ ಹೆಬ್ಬೆರಳಿಗೆ ಹತ್ತಿಕೊಂಡರೆ ಭಾನುವಾರವೂ ಹೋಗುತ್ತಿರಲಿಲ್ಲ. ಟೀ ಲೋಟ, ಬಾಗಿಲ ಹಿಡಿ, ಎಲ್ಲದರ ಮೇಲೂ ನನ್ನ ಗುರುತು. "ನೀನು ಎಲ್ಲೆಲ್ಲಿ ಓಗಿದ್ದೆ ಅಂತ ಯಾರನ್ನೂ ಕೇಳೋದೇ ಬ್ಯಾಡ ಕಣಮ್ಮ," ಎಂದು ಜಯಕ್ಕ ನಗುತ್ತಿದ್ದರು.

ಅವರು ಆ ಊರಿನವರೇ. ಈಗ ಫ್ಯಾಕ್ಟರಿಯ ಗ್ರೈಂಡಿಂಗ್ ಯಂತ್ರ ನಿಂತಿರುವ ಜಾಗದಲ್ಲಿ ಅವರ ಅಪ್ಪ ರಾಗಿ ಒಕ್ಕುತ್ತಿದ್ದರಂತೆ. ಊರ ಒಳಗಿನ ಓಣಿಯಲ್ಲಿ ಮನೆ, ಮೇಲೆ ನಾಲ್ಕು ಬಾಡಿಗೆ ರೂಮು. "ಆರಾಮಾಗಿ ಮನೇಲಿ ಇರಬಾರದಾ ಅಕ್ಕ?" ಎಂದು ಒಮ್ಮೆ ಕೇಳಿದ್ದೆ. "ಮನೇಲಿ ಕೂತ್ಕಂಡು ಏನ ಅಳೀಲಿ?" ಎಂದರು. ಸೀರೆಯ ಮೇಲೆ ಬೂದುಬಣ್ಣದ ಕೋಟು, ಕಾಲಿಗೆ ಕಬ್ಬಿಣದ ಮೂತಿಯ ಸೇಫ್ಟಿ ಶೂ, ಕಿವಿಯ ಮೇಲೆ ಕೆಂಪು ಪೆನ್ಸಿಲ್ಲು. ಸ್ಪ್ರಿಂಗನ್ನು ಎರಡು ಬೆರಳ ನಡುವೆ ಹಿಡಿದು, ಕಿವಿಯ ಹತ್ತಿರ ತಂದು, ಕಣ್ಣು ಮುಚ್ಚಿ ಒಮ್ಮೆ ಅದುಮುತ್ತಿದ್ದರು. "ಇದು ಸೋತೈತೆ" ಎಂದರೆ ಸೋತಿದೆ, ಬಿಗಿ ಕಳೆದುಕೊಂಡಿದೆ ಎಂದೇ ಅರ್ಥ. ನಾನು ಹೊಸದರಲ್ಲಿ ಅಹಂಕಾರದಿಂದ ಅವರು ಬೇರೆ ಇಟ್ಟ ಹನ್ನೆರಡು ಸ್ಪ್ರಿಂಗುಗಳನ್ನು ಕದ್ದೊಯ್ದು ಯಂತ್ರದಲ್ಲಿ ಅಳೆದಿದ್ದೆ. ಹನ್ನೆರಡೂ ಸೋತಿದ್ದವು. ಅವತ್ತಿನಿಂದ ಆ ಮೇಜಿನ ಮುಂದೆ ನಾನು ದನಿ ಎತ್ತಿ ಮಾತನಾಡಿದ್ದಿಲ್ಲ.

ಎಲ್ಲ ಫ್ಯಾಕ್ಟರಿಗಳಲ್ಲಿರುವಂತೆ ನಮ್ಮಲ್ಲೂ ಕೆಟ್ಟ ಪೀಸುಗಳನ್ನು ಹಾಕಲು ಕೆಂಪು ಡಬ್ಬಿ ಇತ್ತು. ಅದಕ್ಕೆ ಹಾಕುವ ಪ್ರತಿ ಪೀಸಿಗೂ ಒಂದು ಚೀಟಿ ಕಟ್ಟಬೇಕು. ತಾರೀಕು, ಪೀಸು, ದೋಷ, ಕಾರಣ, ಸಹಿ ಎಂದು ಐದು ಕಾಲಂ. ಉಳಿದವರೆಲ್ಲ ದೋಷ ಬರೆದು, ಕಾರಣದ ಜಾಗದಲ್ಲಿ ಒಂದು ಗೀಟು ಎಳೆದು ಕೈತೊಳೆದುಕೊಳ್ಳುತ್ತಿದ್ದರು. ಜಯಕ್ಕನ ಹತ್ತಿರ ಅದು ನಡೆಯುತ್ತಿರಲಿಲ್ಲ. ಒಂದು ದಿನ ಸೂಪರ್‌ವೈಸರ್ ಕಳಿಸಿದ ತುಂಬಿದ ಡಬ್ಬಿಯನ್ನು ಅವರು ಹಾಗೆಯೇ ಹಿಂದಕ್ಕೆ ಕಳಿಸಿದರು. ಆತ ರೇಗಿಕೊಂಡು ಬಂದಾಗ ಶಾಂತವಾಗಿ, "ದೋಸ ಎಲ್ರಿಗೂ ಐತೆ ಸಾರ್. ನಿಮ್ಗೂ ಐತೆ, ನಂಗೂ ಐತೆ. ಯಾಕೆ ಬ್ಯಾಡ ಅನ್ನೋದನ್ನ ಬರೀರಿ. ಕಾರ್ಣ ಖಾಲಿ ಇದ್ರೆ ಅದು ರಿಜೆಕ್ಟ್ ಅಲ್ಲ, ಒಳ್ಳೇ ಮಾಲು," ಎಂದರು. ಆ ಡಬ್ಬಿಯ ಅರ್ಧದಷ್ಟು ಪೀಸುಗಳು ಮತ್ತೆ ಒಳ್ಳೆಯ ಮಾಲಿನ ಹಸಿರು ಟ್ರೇಗೆ ಬಂದವು.

ಈಗ ಆಟಕ್ಕೆ ಬರುತ್ತೇನೆ. ಮೊಬೈಲಿನಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸುವ ಒಂದು ಆಟವಿದೆ. ಕಾಲೇಜಿನ ದಿನಗಳಿಂದ ನಾನು ಅದರ ಹುಚ್ಚಿ. ಬೆಂಗಳೂರಿನಲ್ಲಿ ಗೆದ್ದು, ಮುಂಬೈಯಲ್ಲಿ ನಡೆಯುವ ಫೈನಲ್ಲಿಗೆ ಹೋಗಬೇಕೆಂಬುದು ನನ್ನ ಆರು ವರ್ಷದ ಕನಸು. ಅದಕ್ಕಾಗಿ, ಆಟದಲ್ಲಿ ನನ್ನ ಹತ್ತಿರವಿದ್ದದ್ದಕ್ಕಿಂತ ಒಳ್ಳೆಯ ಗಿಡುಗ ಹುಟ್ಟಲೆಂದು ಊಟದ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಕೂತು ಮೊಟ್ಟೆ ಒಡೆಸುತ್ತಿದ್ದೆ. ಹತ್ತು ಮೊಟ್ಟೆ ಒಡೆದರೆ ಆರರಲ್ಲಿ ಬರುತ್ತಿದ್ದದ್ದು ಮಡ್ಗುಲ್ ಎಂಬ ಪ್ರಾಣಿ. ಅರ್ಧ ಕಪ್ಪೆ, ಅರ್ಧ ಆಮೆ, ಬೆನ್ನ ಮೇಲೆ ಕೆಸರಿನ ಚಿಪ್ಪು, ಮುಖದಲ್ಲಿ ಈಗತಾನೇ ಬೈಸಿಕೊಂಡು ಬಂದಂಥ ಕಳೆ. ಬಂದದ್ದನ್ನೆಲ್ಲ ಪಟಪಟನೆ ಅಳಿಸುತ್ತಿದ್ದೆ.

ಜಯಕ್ಕ ಪಕ್ಕದಲ್ಲಿ ಮುದ್ದೆ ಮುರಿಯುತ್ತಾ ಇಣುಕಿ ನೋಡಿದರು. "ಏನಮ್ಮ ಅದು, ಬಂದಂಗೇ ಬಿಸಾಕ್ತಿದೀಯ?"

"ಇವೆಲ್ಲ ವೇಸ್ಟ್ ಅಕ್ಕ. ರಿಜೆಕ್ಟ್."

"ಕಾರ್ಣ?"

"ತುಂಬಾ ಸ್ಲೋ ಅಕ್ಕ. ಇಡೀ ಆಟದಲ್ಲಿ ಇದಕ್ಕಿಂತ ನಿಧಾನದ್ದು ಇನ್ನೊಂದಿಲ್ಲ."

ಜಯಕ್ಕ ಮುದ್ದೆ ನುಂಗಿ ನೀರು ಕುಡಿದರು. "ನಿದಾನ ಅನ್ನೋದು ಅಳತೆ ಕಣಮ್ಮ. ನಾನು ಕಾರ್ಣ ಕೇಳ್ದೆ."

 ನನ್ನ ಜಂಬ ಬಿಡಲಿಲ್ಲ. "ಹಾಗಾದ್ರೆ ನೀವೇ ಸಾಕಿ ನೋಡಿ" ಎಂದು ತಮಾಷೆಗೆ ಅವರ ಮೊಬೈಲಿಗೂ ಆಟ ಹಾಕಿಕೊಟ್ಟು, ಒಂದು ಮಡ್ಗುಲ್ ಮರಿಯನ್ನು ಅವರಿಗೆ ಕಳಿಸಿದೆ. ಹೆಸರಿಡುವ ಜಾಗ ಬಂದಾಗ ಜಯಕ್ಕ ಬಹಳ ಹೊತ್ತು ಅದರ ಮುಖ ನೋಡಿದರು. "ಗುಂಡಣ್ಣ ಅಂತ ಬರಿ" ಎಂದರು.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಪ್ರತಿಯೊಬ್ಬರೂ ಮೂರು ಪ್ರಾಣಿ ತರಬೇಕು. ಒಂದೊಂದಾಗಿ ಕಣಕ್ಕೆ ಬಿಡಬೇಕು. ಪ್ರತಿ ಸುತ್ತಿನಲ್ಲೂ ವೇಗ ಹೆಚ್ಚಿದ್ದದ್ದು ಮೊದಲು ಹೊಡೆಯುತ್ತದೆ. ಏಟು ತಿಂದು ಲೈಫು ಸೊನ್ನೆಯಾದರೆ ಪ್ರಾಣಿ ಬಿದ್ದಂತೆ, ಮೂರೂ ಬಿದ್ದರೆ ಸೋತಂತೆ. ಪ್ರಾಣಿಗೆ ತಿನ್ನಿಸುವ ಮೇವು ಇಂತಿಷ್ಟೇ ಎಂದು ಮಿತಿಯಿದೆ. ಅದನ್ನು ವೇಗಕ್ಕೆ ಹಾಕುವುದೋ, ಏಟಿಗೋ, ಲೈಫಿಗೋ ಎಂಬುದೇ ಆಡುವವರ ಬುದ್ಧಿವಂತಿಕೆ. ಗುಂಡಣ್ಣನಂಥ ನಿಧಾನದ ಪ್ರಾಣಿ ಯಾವಾಗಲೂ ಮೊದಲು ಏಟು ತಿನ್ನುತ್ತದೆ, ತಿಂದು ಉಳಿದರೆ ಆಮೇಲೆ ಹೊಡೆಯುತ್ತದೆ. ಹೆಚ್ಚಾಗಿ ಉಳಿಯುವುದಿಲ್ಲ. ಅದಕ್ಕೇ ಯಾರೂ ಅದನ್ನು ಸಾಕುತ್ತಿರಲಿಲ್ಲ.

ಮೊದಲ ಎರಡು ತಿಂಗಳು ಜಯಕ್ಕ ಒಂದೇ ಸಮನೆ ಸೋತರು. ಅದೂ ವಿಚಿತ್ರವಾಗಿ ಸೋತರು. ಗುಂಡಣ್ಣನನ್ನು ಕಣಕ್ಕಿಳಿಸಿ, ಏನೂ ಮಾಡದೆ, ಸುಮ್ಮನೆ ಏಟು ತಿನ್ನಿಸುತ್ತಿದ್ದರು. ಪಕ್ಕದಲ್ಲಿ ನೂರು ಪುಟದ ರೂಲ್ಡ್ ಪುಸ್ತಕ. ನಾನು ನೋಡಿ ನೋಡಿ ತಡೆಯಲಾರದೆ, "ಅಕ್ಕ, ನೀವು ಆಡ್ತಾ ಇಲ್ಲ, ಹೊಡೆಸ್ಕೊಳ್ತಾ ಇದೀರ" ಎಂದೆ.

"ಅಳೀತಾ ಇದೀನಿ," ಎಂದರು ಜಯಕ್ಕ, ತಲೆ ಎತ್ತದೆ. "ಒಂದೇ ಏಟು, ಒಂದೇ ಪ್ರಾಣಿ. ನಿನ್ನೆ ನೂರೈವತ್ತು ಕಿತ್ಕತು, ಇವತ್ತು ನೂರೆಪ್ಪತ್ತೇಳು ಕಿತ್ಕತು. ಇಂಗೇ ಅದ್ರೊಳಗೇ ಓಲಾಡ್ತದೆ, ಅದನ್ನ ದಾಟಲ್ಲ. ಸ್ಪ್ರಿಂಗ್‌ಗೂ ಇಂಗೇ ಅಲ್ವಾ? ಅಪ್ಪರ್ ಲಿಮಿಟ್ಟು, ಲೋಯರ್ ಲಿಮಿಟ್ಟು."

ಪುಸ್ತಕ ನನ್ನತ್ತ ತಿರುಗಿಸಿದರು. ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಆಟದಲ್ಲಿ ಎದುರಾಗುವ ಒಂದೊಂದು ಪ್ರಾಣಿಯ ಏಟಿಗೂ ಎರಡೆರಡು ಅಂಕಿ ಬರೆದಿದ್ದರು. ಹೆಸರುಗಳು ಮಾತ್ರ ಅವರವೇ. ಉರಿಮೂತಿ, ಪಕ್ಕದ್ಮನೆ ಕೋಳಿ, ಹಲ್ಲುಬ್ಬಿ. ನಾನು ಆರು ವರ್ಷ ಆಡಿದ್ದೆ. ಯಾವ ಏಟು ಎಷ್ಟರಿಂದ ಎಷ್ಟರವರೆಗೆ ಬೀಳುತ್ತದೆಂದು ಒಮ್ಮೆಯೂ ಕೂತು ಅಳೆದಿರಲಿಲ್ಲ. ನಾಚಿಕೆಯಾಯಿತು.

ಅದಾದ ಮೇಲೆ ಅವರು ಮಾಡಿದ್ದನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಮಡ್ಗುಲ್‌ಗೆ ಒಂದು ಗುಣವಿದೆ. ಲೈಫು ಕಾಲುಭಾಗಕ್ಕಿಂತ ಕೆಳಗೆ ಇಳಿದರೆ ಅದರ ಕೆಸರಿನ ಚಿಪ್ಪು ಒಣಗಿ ಕಲ್ಲಾಗುತ್ತದೆ. ಆಮೇಲೆ ಎಂಥ ಏಟು ಬಿದ್ದರೂ ಒಂದೊಂದೇ ಪಾಯಿಂಟು ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಆದರೆ ಲೈಫು ಅಲ್ಲಿಗೆ ಇಳಿಯುವ ಮೊದಲೇ ಎಲ್ಲರೂ ಹೆದರಿ ಔಷಧಿ ಕೊಟ್ಟು ಮೇಲೆತ್ತುತ್ತಿದ್ದರು. ಇಲ್ಲವೇ ಒಂದೇ ಏಟಿಗೆ ಅದು ಸತ್ತುಹೋಗುತ್ತಿತ್ತು.

ಜಯಕ್ಕ ನನ್ನ ಕೈ ಹಿಡಿದು ಸೆಟ್ಟಿಂಗ್ ಪ್ರೆಸ್ಸಿನ ಹತ್ತಿರ ಕರೆದೊಯ್ದರು. ಹೊಸ ಸ್ಪ್ರಿಂಗನ್ನು ಅಲ್ಲಿ ಒಂದು ಸಲ ಸುರುಳಿಗೆ ಸುರುಳಿ ತಾಗುವಷ್ಟು ಪೂರ್ತಿ ಅದುಮಿಬಿಡುತ್ತಾರೆ. ಆಗ ಅದು ತುಸು ಕುಗ್ಗುತ್ತದೆ. ಹಾಗೆ ಕುಗ್ಗಿದ ಸ್ಪ್ರಿಂಗು ಮತ್ತೆ ಎಷ್ಟು ಅದುಮಿದರೂ ಕುಗ್ಗುವುದಿಲ್ಲ.

"ಮೊದ್ಲು ಒಂದ್ಕಿತ ಪೂರ್ತಿ ಬಗ್ಗುಸ್ಬೇಕು ಕಣಮ್ಮ," ಎಂದರು. "ಅರ್ಧಂಬರ್ಧ ಬಗ್ಗುಸಿದ್ರೆ ಮುಂದ್ಕೆ ಕೈ ಕೊಡ್ತದೆ. ಅತಿಯಾದ್ರೆ ಮುರೀತದೆ. ಎಷ್ಟು ಅನ್ನೋದು ನಮ್ಗೆ ಗೊತ್ತಿರ್ಬೇಕು, ಅಷ್ಟೆಯ."

ಆ ಎಷ್ಟು ಎಂಬುದನ್ನು ಅವರು ಕಂಡುಹಿಡಿದಿದ್ದರು. ನೂರಾ ತೊಂಬತ್ತೆಂಟು. ನಾವೆಲ್ಲ ಪ್ರಾಣಿಯ ಲೈಫನ್ನು ಆದಷ್ಟೂ ಹೆಚ್ಚಿಸುತ್ತಿದ್ದೆವು, ಇಲ್ಲವೇ ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಜಯಕ್ಕ ಮೇವನ್ನು ಒಂದೊಂದೇ ಕಾಳಿನ ಹಾಗೆ ಹಾಕಿ ಗುಂಡಣ್ಣನ ಲೈಫನ್ನು ಆ ಅಂಕಿಗೆ ತಂದು ನಿಲ್ಲಿಸಿದ್ದರು. ಆಟದಲ್ಲಿ ಎಲ್ಲರೂ ಹೊಡೆಯುವ ದೊಡ್ಡ ಏಟು ನೂರೈವತ್ತರಿಂದ ನೂರೆಪ್ಪತ್ತೇಳು. ಕಡಿಮೆ ಬಿದ್ದರೆ ನಲವತ್ತೆಂಟು ಉಳಿಯುತ್ತದೆ, ಹೆಚ್ಚು ಬಿದ್ದರೆ ಇಪ್ಪತ್ತೊಂದು. ಎರಡೂ ಕಾಲುಭಾಗದ ಕೆಳಗೆ, ಎರಡೂ ಸೊನ್ನೆಯ ಮೇಲೆ. ಏಟು ಹೇಗೇ ಬೀಳಲಿ, ಚಿಪ್ಪು ಕಲ್ಲಾಗಲೇಬೇಕು. ಉಳಿದ ಮೇವನ್ನೆಲ್ಲ ಗುಂಡಣ್ಣನ ಏಟಿಗೆ ಹಾಕಿದ್ದರು.

ಅವತ್ತು ಊಟದ ಹೊತ್ತಿನಲ್ಲಿ ನನ್ನ ಗಿಡುಗವನ್ನು ಅವರ ಮುಂದೆ ಬಿಟ್ಟೆ. ಇಡೀ ಆಟದಲ್ಲಿ ಅತಿ ವೇಗದ್ದು, ಒಂದು ವರ್ಷ ಕಷ್ಟಪಟ್ಟು ಬೆಳೆಸಿದ್ದು. ಅದು ಹೊಡೆಯಿತು. ಗುಂಡಣ್ಣ ನೆಲಕ್ಕೆ ಅಂಟಿಹೋದ. ಚಿಪ್ಪು ಬೂದಿಬಣ್ಣಕ್ಕೆ ತಿರುಗಿತು. ಮೂರು ಸುತ್ತಿನಲ್ಲಿ, ಮೂರೇ ಏಟಿಗೆ, ನನ್ನ ಗಿಡುಗ ಕೆಳಗೆ ಬಿತ್ತು. ಜಯಕ್ಕ ಏನೂ ಆಗದವರಂತೆ ಮಜ್ಜಿಗೆ ಕಲಸಿಕೊಂಡರು. ಕ್ಯಾಂಟೀನಿನವರೆಲ್ಲ ನಮ್ಮ ಮೇಜಿನ ಸುತ್ತ ನೆರೆದಿದ್ದರು. ನನಗೆ ಸೋತ ಬೇಸರವೇ ಆಗಲಿಲ್ಲ. ದೊಡ್ಡದೇನನ್ನೋ ಹತ್ತಿರದಿಂದ ನೋಡಿದೆ ಎನಿಸಿತು.

ಆ ಚಳಿಗಾಲದಲ್ಲಿ ಪಂದ್ಯದ ಸುದ್ದಿ ಬಂತು. ಮಹದೇವಪುರದ ಒಂದು ಟೆಕ್ ಪಾರ್ಕಿನಲ್ಲಿ ಭಾನುವಾರ ಆಟ, ಗೆದ್ದವರೊಬ್ಬರಿಗೆ ಮುಂಬೈ. ನಾನು ಹೆಸರು ಕೊಟ್ಟೆ. ಜಯಕ್ಕನದ್ದನ್ನೂ ಕೊಟ್ಟೆ. ಅವರಿಗೆ ಮುಂಬೈ ಬೇಕಿರಲಿಲ್ಲ. "ದೊಡ್ಡ ಪರ್ದೆ ಮ್ಯಾಲೆ ತೋರುಸ್ತಾರಂತೆ ಅಲ್ವಾ? ಗುಂಡಣ್ಣ ಒಂದ್ಕಿತ ಅದ್ರ ಮ್ಯಾಲೆ ನಿಂತ್ಕಂಡು ಗೆಲ್ಬೇಕು. ನಿಮ್ಮಂತೋರು ಎಷ್ಟು ಜನ ಅವನ್ನ ಬಿಸಾಕಿದಾರೋ, ಎಲ್ರೂ ನೋಡ್ಬೇಕು," ಎಂದರು. ಅದೊಂದೇ ಅವರ ಆಸೆ. ಮುಂದಿನ ವರ್ಷ ಅವರಿಗೆ ನಿವೃತ್ತಿ. ಈ ಒಂದು ಸಲ ಬಿಟ್ಟರೆ ಇಂಥದ್ದಕ್ಕೆ ತಮ್ಮನ್ನು ಯಾರು ಕರೆದುಕೊಂಡು ಹೋಗುತ್ತಾರೆ ಎಂದೂ ಹೇಳಿದರು.

ಇನ್ನು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಆ ಪಂದ್ಯದಲ್ಲಿ ನನಗೆ ಯಾರ ಭಯವೂ ಇರಲಿಲ್ಲ, ಜಯಕ್ಕನ ಹೊರತು. ಗುಂಡಣ್ಣನ ನೂರಾ ತೊಂಬತ್ತೆಂಟು ನನಗೆ ಗೊತ್ತಿತ್ತು. ಪಂದ್ಯಕ್ಕೂ ಅದನ್ನೇ ಇಡುತ್ತಾರೋ, ಬದಲಿಸುತ್ತಾರೋ ಗೊತ್ತಿರಲಿಲ್ಲ. ಹಿಂದಿನ ದಿನ ಶನಿವಾರ ಸರ್ಟಿಫಿಕೇಟಿಗೆ ಠಸ್ಸೆ ಒತ್ತಿ ಇನ್ಸ್‌ಪೆಕ್ಷನ್ ಮೇಜಿಗೆ ಹೋದೆ. ಜಯಕ್ಕ ಸ್ಟೋರಿಗೆ ಹೋಗಿದ್ದರು. ಪುಸ್ತಕ ಮೇಜಿನ ಮೇಲಿತ್ತು, ರಬ್ಬರ್ ಬ್ಯಾಂಡ್ ಹಾಕಿ ಮುಚ್ಚಿದ್ದರು. ನಾನು ರಬ್ಬರ್ ಬ್ಯಾಂಡ್ ತೆಗೆದೆ. 'ಭಾನುವಾರಕ್ಕೆ' ಎಂದು ಬರೆದ ಪುಟ ಸಿಕ್ಕಿತು. ಲೈಫ್ 198. ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿ, ಮೊದಲಿದ್ದ ಹಾಗೆಯೇ ಇಟ್ಟೆ. ಅರ್ಧ ನಿಮಿಷದ ಕೆಲಸ.

ಮನೆಗೆ ಹೋಗಿ ಗಿಡುಗದ ವೇಗದಿಂದ ಮೇವು ಕಿತ್ತು ಏಟಿಗೆ ಹಾಕಿದೆ. ಗುಂಡಣ್ಣನೇ ನಿಧಾನದವನಾದಾಗ ನನಗೆ ಅಷ್ಟು ವೇಗ ಯಾಕೆ? ಈಗ ನನ್ನ ಏಟು ಕಡಿಮೆಯೆಂದರೆ ನೂರಾ ತೊಂಬತ್ತೊಂಬತ್ತು, ಹೆಚ್ಚೆಂದರೆ ಇನ್ನೂರ ಮೂವತ್ತನಾಲ್ಕು. ಚಿಪ್ಪು ಕಲ್ಲಾಗುವ ಮಾತೇ ಇಲ್ಲ, ಒಂದೇ ಏಟಿಗೆ ಗುಂಡಣ್ಣ ಮುಗಿದ. ಆರು ವರ್ಷದ ಕನಸು ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಬೆಳಿಗ್ಗೆ ಜಯಕ್ಕ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದರು. ಮಾಮೂಲಿ ಸೀರೆ, ಮಾಮೂಲಿ ಸೇಫ್ಟಿ ಶೂ, ಕಿವಿಯ ಮೇಲೆ ಪೆನ್ಸಿಲ್ಲು. ಬಸ್ಸಿನಲ್ಲಿ ಕೂತ ಮೇಲೆ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ನನ್ನ ತೊಡೆಯ ಮೇಲಿಟ್ಟರು. ಅವರೆಕಾಳಿನ ಉಪ್ಪಿಟ್ಟು. "ತಿನ್ನು, ಅಲ್ಲಿ ಏನ್ ಸಿಗ್ತದೋ ಏನೋ," ಎಂದರು. ನಾನು ತಿಂದೆ. ಚೆನ್ನಾಗಿತ್ತು.

ಪಂದ್ಯ ನಡೆಯುವಲ್ಲಿ ಬಾಗಿಲ ಹತ್ತಿರ ಇದ್ದ ಹುಡುಗಿ, "ಆಂಟಿ, ನೋಡೋಕೆ ಬಂದೋರು ಆ ಕಡೆ ಕೂತ್ಕೋಬೇಕು" ಎಂದಳು. "ನಾನು ಆಡೋಕ್ ಬಂದಿರೋಳು ಕಣಮ್ಮ" ಎಂದು ಜಯಕ್ಕ ಗುಂಡಣ್ಣನನ್ನು ತೋರಿಸಿದರು. ಬೆಳಿಗ್ಗೆಯೇ ಎಲ್ಲರೂ ತಮ್ಮ ಮೂರು ಪ್ರಾಣಿಗಳನ್ನು ನೋಂದಾಯಿಸಬೇಕಿತ್ತು. ಆಮೇಲೆ ದಿನವಿಡೀ ಯಾವ ಅಂಕಿಯನ್ನೂ ಬದಲಿಸುವ ಹಾಗಿಲ್ಲ. ಕಂಪನಿಯ ಬ್ಯಾಡ್ಜು ನೇತುಹಾಕಿಕೊಂಡ ಹುಡುಗರು ಜಯಕ್ಕನನ್ನು ನೋಡಿ ಮುಸಿಮುಸಿ ನಕ್ಕರು. ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತ್ತು. ಅವರು ಮೂವರನ್ನು ಸೋಲಿಸಿದ್ದರು. "ಗುರು, ಯಾರಿದು? ಮಡ್ಗುಲ್ ಇಟ್ಕೊಂಡ್ ಆಡ್ತಿದಾರಲ್ಲ!" ಎಂದು ಒಬ್ಬ ಕಿರುಚಿಕೊಂಡೇ ಓಡಿಬಂದ. ನಾನೂ ಮೂವರನ್ನು ಸೋಲಿಸಿದ್ದೆ. ಸೆಮಿಫೈನಲ್ಲಿನಲ್ಲಿ ದೊಡ್ಡ ಪರದೆಯ ಮೇಲೆ ಎರಡು ಹೆಸರು ಬಂತು. ಶೈಲಾ. ಜಯಮ್ಮ.

ಇಬ್ಬರ ಎರಡೆರಡು ಪ್ರಾಣಿಗಳೂ ಬಿದ್ದು, ಕೊನೆಗೆ ಉಳಿದದ್ದು ನನ್ನ ಗಿಡುಗ, ಅವರ ಗುಂಡಣ್ಣ. ನಾನು ದೊಡ್ಡ ಏಟನ್ನು ಒತ್ತಿದೆ. ಗುಂಡಣ್ಣನ ಲೈಫಿನ ಪಟ್ಟಿ ಸರ್ರನೆ ಇಳಿಯಿತು. ಇಳಿಯುತ್ತಾ ಇಳಿಯುತ್ತಾ ತುದಿಗೆ ಬಂದು, ಕೂದಲೆಳೆಯಷ್ಟು ಕೆಂಪು ಉಳಿಸಿ, ನಿಂತುಬಿಟ್ಟಿತು. ಚಿಪ್ಪು ಕಲ್ಲಾಯಿತು. ಇಡೀ ಹಾಲು ಹೋ ಎಂದಿತು. 

ಆ ಸುತ್ತೂ ಸೇರಿ ಒಟ್ಟು ಐದು ಸುತ್ತು. ಆಮೇಲೆ ನಾನು ಹೊಡೆದಾಗಲೆಲ್ಲ ಒಂದು ಪಾಯಿಂಟು ಕಳೆಯಿತು. ಗುಂಡಣ್ಣ ಹೊಡೆದಾಗಲೆಲ್ಲ ನನ್ನ ಗಿಡುಗ ಬಾಗಿತು. ಆದರೆ ಗುಂಡಣ್ಣನ ಏಟಿನಲ್ಲಿ ಮೊದಲಿನ ಜೋರಿರಲಿಲ್ಲ. ಕ್ಯಾಂಟೀನಿನಲ್ಲಿ ಮೂರಕ್ಕೆ ಬಿದ್ದ ಗಿಡುಗ ಇಲ್ಲಿ ಐದು ತಿಂದಿತು. ಕೊನೆಯ ಏಟಿಗೆ ಗಿಡುಗ ಬಿದ್ದಾಗ ಗುಂಡಣ್ಣನಿಗೆ ಉಳಿದಿದ್ದದ್ದು ಒಂದೇ ಪಾಯಿಂಟು. ಜಯಕ್ಕನ ಮುಖದಲ್ಲಿ ಗೆರೆಯೂ ಅಲ್ಲಾಡಿರಲಿಲ್ಲ. ಆಟ ಮುಗಿದ ಮೇಲೆ ಅವರ ಮೊಬೈಲಿನಲ್ಲಿ ನೋಡಿದೆ, ಲೈಫು ಇನ್ನೂರ ಮೂವತ್ತಾರು. ನನ್ನ ಅತಿ ದೊಡ್ಡ ಏಟಿಗಿಂತ ಎರಡು ಹೆಚ್ಚು. ಬೆಳಗಿನ ಮಾಮೂಲಿ ಏಟುಗಳಿಗೆ ಚಿಪ್ಪು ಕಲ್ಲಾಗಿರಲಾರದು, ಆ ಮೂರು ಆಟಗಳನ್ನು ಉಳಿದೆರಡು ಪ್ರಾಣಿಗಳ ಆಸರೆಯಲ್ಲೇ ಗೆದ್ದಿರಬೇಕು. ಅವರು ಪ್ರತಿದಿನ ಹೊಸದಾಗಿ ಅಳೆಯುವವರು, ನಿನ್ನೆ ಸಂಜೆ ಏನೋ ತೋಚಿ ಬದಲಿಸಿದ್ದಾರೆ, ನನ್ನ ಗ್ರಹಚಾರ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಫೈನಲ್ಲಿನಲ್ಲಿ ಅವರೆದುರು ಬೆಳ್ಳಂದೂರಿನ ಒಬ್ಬ ಯುವ ಎಂಜಿನಿಯರ್. ಅವನ ಕೊನೆಯ ಪ್ರಾಣಿ ಒಂದು ಜಿಗಣೆ, ಸಣ್ಣ ಸಣ್ಣ ಏಟು ಹೊಡೆಯುತ್ತಾ ಪ್ರತಿ ಸುತ್ತಿಗೂ ತುಸು ತುಸು ಚೇತರಿಸಿಕೊಳ್ಳುವಂಥದ್ದು. ದೊಡ್ಡ ಪರದೆಯ ಮೇಲೆ ಗುಂಡಣ್ಣ ಕಲ್ಲಾಗಿ ನಿಂತ. ಗುಂಡಣ್ಣ ಹೊಡೆದದ್ದರಲ್ಲಿ ಬಹುಪಾಲನ್ನು ಜಿಗಣೆ ಮತ್ತೆ ತುಂಬಿಕೊಳ್ಳುತ್ತಿತ್ತು. ಹದಿನೈದು ಸುತ್ತು ನಡೆಯಿತು. ಹಾಲಿನಲ್ಲಿ ಯಾರೂ ಕೂತಿರಲಿಲ್ಲ, ಎಲ್ಲರೂ ಎದ್ದು ನಿಂತು ಗುಂಡಣ್ಣ, ಗುಂಡಣ್ಣ ಎಂದು ಕೂಗುತ್ತಿದ್ದರು. ಕೊನೆಗೆ ಜಿಗಣೆಗೆ ಒಂದು ಏಟಿನಷ್ಟು ಲೈಫು ಉಳಿದಿದ್ದಾಗ ಗುಂಡಣ್ಣ ಬಿದ್ದ.

ನನಗೆ ಅಳು ಬಂತು. ಜಯಕ್ಕನಿಗೆ ಬರಲಿಲ್ಲ. ಅವರು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು, ಗೆದ್ದವನ ಹತ್ತಿರ ಹೋಗಿ, "ಇನ್ನೊಂದ್ಕಿತ ಆಡಾಣ್ವಾ ಕಂದ? ನಿನ್ ಜಿಗಣೆ ಒಂದ್ ಸುತ್ತಿಗೆ ಎಷ್ಟು ತುಂಬ್ಕತದೆ ಅಂತ ನಾನು ಅಳ್ದೇ ಇರ್ಲಿಲ್ಲ," ಎಂದರು. ಕೈಯಲ್ಲಿ ಕಪ್ಪು ಹಿಡಿದಿದ್ದ ಆ ಹುಡುಗ ಅದನ್ನು ನೆಲದ ಮೇಲಿಟ್ಟು, ವೇದಿಕೆಯ ಮೆಟ್ಟಿಲ ಮೇಲೇ ಅವರ ಪಕ್ಕ ಕೂತು ಆಡಿದ. ಜಯಕ್ಕ ಬರೆದುಕೊಂಡರು. ಹೊರಡುವಾಗ ಅವನು ಬಗ್ಗಿ ಅವರ ಸೇಫ್ಟಿ ಶೂ ಮುಟ್ಟಿ ನಮಸ್ಕಾರ ಮಾಡಿದ.

ಬಸ್ಸಿನಲ್ಲಿ ನಾನು ಬೆರಳಲ್ಲಿ ಲೆಕ್ಕ ಹಾಕಿದೆ. ಗುಂಡಣ್ಣನ ಏಟು ಮೊದಲಿನಷ್ಟೇ ಇದ್ದಿದ್ದರೆ ಜಿಗಣೆ ನಾಲ್ಕನೇ ಸುತ್ತಿಗೆ ಬೀಳಬೇಕಿತ್ತು. "ಯಾಕಕ್ಕ ಏಟಿಂದ ತೆಗೆದು ಲೈಫಿಗೆ ಹಾಕಿದ್ರಿ? ಅದೊಂದು ಮಾಡದೇ ಇದ್ದಿದ್ರೆ ಗೆದ್ಬಿಡ್ತಿದ್ರಿ," ಎಂದು ಅವರಿಗೇ ಬುದ್ಧಿ ಹೇಳಿದೆ.

ಜಯಕ್ಕ ಕಿಟಕಿಯಾಚೆ ನೋಡುತ್ತಿದ್ದರು. "ಬೇಕಾಗಿತ್ತು ಕಣಮ್ಮ," ಎಂದರು. ಆಮೇಲೆ ನನ್ನ ಹೆಬ್ಬೆರಳನ್ನು ಹಿಡಿದು, ತಮ್ಮ ಸೆರಗಿನ ತುದಿಯಿಂದ ಆ ನೇರಳೆ ಇಂಕನ್ನು ಒರೆಸಲು ನೋಡಿದರು. ಅದು ಹೋಗಲಿಲ್ಲ.

ಪುಸ್ತಕ ನೋಡಿದ್ದನ್ನು ಅವರಿಗೆ ಹೇಳಬೇಕೆಂದು ಆಮೇಲೆ ಎಷ್ಟೋ ಸಲ ಬಾಯಿ ತೆರೆದೆ. ಊಟದ ಹೊತ್ತಿನಲ್ಲಿ, ಟೀ ಹೊತ್ತಿನಲ್ಲಿ, ಗೇಟಿನಲ್ಲಿ. ಪ್ರತಿ ಸಲವೂ ನಾಳೆ ಹೇಳೋಣ ಎನಿಸುತ್ತಿತ್ತು. ಜಯಕ್ಕ ಎಂದಿನಂತೆ ತಮ್ಮ ಬುತ್ತಿಯಲ್ಲಿ ನನಗೆ ಪಾಲು ಕೊಡುತ್ತಿದ್ದರು, ಎಂದಿನಂತೆ ಸೋಲಿಸುತ್ತಿದ್ದರು. ಅವರಿಗೇನೂ ಗೊತ್ತಿಲ್ಲ ಎಂಬ ಧೈರ್ಯದಲ್ಲೇ ಒಂದು ವರ್ಷ ಕಳೆದೆ.

ನಿವೃತ್ತಿಯ ದಿನ ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ಆಯಿತು. ಜಯಕ್ಕ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು, ಮೊಬೈಲ್ ತೆಗೆದು, ಗುಂಡಣ್ಣನನ್ನು ನನಗೆ ಕಳಿಸಿದರು. ಪುಸ್ತಕವನ್ನೂ ಕೈಗಿಟ್ಟರು. "ನಿನ್ ಮನೇಲಿ ಉಟ್ಟಿದ್ದು, ನಿನ್ ಮನೇಗೇ ಬರ್ಲಿ. ಪುಸ್ತಕ ನಿದಾನಕ್ ನೋಡ್ಕೊ," ಎಂದರು. ಆ ಪುಸ್ತಕ ಕೈಗೆ ಬಂದದ್ದೇ ನನಗೆ ಮುಖ ಎತ್ತಲಾಗಲಿಲ್ಲ. ಹಾಜರಿ ಪುಸ್ತಕದಲ್ಲಿ ಕೊನೆಯ ಸಲ ಸಹಿ ಹಾಕಿ, ಓಣಿಯ ಕಡೆ ನಡೆದುಹೋದರು. ಅದೇ ಕೊನೆ. ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರ ಮಗಳು ಮಂಜುಳಾ ಫೋನ್ ಮಾಡಿ, "ಅಮ್ಮ ಓಗ್ಬಿಟ್ರು ಅಕ್ಕ, ಹಾರ್ಟ್ ಅಟ್ಯಾಕು" ಎಂದಳು.

ಮಣ್ಣು ಮಾಡಿ ಬಂದ ಮೇಲೆ, ಅವತ್ತು ಮಧ್ಯಾಹ್ನ, ಪುಸ್ತಕ ನನ್ನದಾದ ಮೇಲೆ ಮೊದಲ ಸಲ ರಬ್ಬರ್ ಬ್ಯಾಂಡ್ ತೆಗೆದೆ. ಭಾನುವಾರದ ಪುಟಕ್ಕೆ ಬಂದೆ. 198 ಎಂಬ ಅಂಕಿಯ ಪಕ್ಕದಲ್ಲಿ, ಕಾಗದದ ಅಂಚಿನ ಮೇಲೆ, ನೇರಳೆ ಬಣ್ಣದ ಹೆಬ್ಬೆರಳಿನ ಗುರುತು. ಗೆರೆಗೆರೆಯೂ ಎದ್ದು ಕಾಣುತ್ತಿತ್ತು. ಅದರ ಸುತ್ತ ಕೆಂಪು ಪೆನ್ಸಿಲ್ಲಿನ ಸೊನ್ನೆ. ಕೆಳಗೆ ಜಯಕ್ಕನ ದುಂಡನೆಯ ಅಕ್ಷರ: 'ಶೈಲು ವೇಗ ತೆಗೆದು ಏಟಿಗೆ ಹಾಕ್ತಾಳೆ. ಅಪ್ಪರ್ ಲಿಮಿಟ್ 234. ಲೈಫ್ 236 ಮಾಡಬೇಕು. ಏಟು ಕಮ್ಮಿ ಆಗತ್ತೆ. ಆಗಲಿ.'

ಆ ಪುಟಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿ ಕೆಂಪು ಡಬ್ಬಿಯ ಒಂದು ಚೀಟಿ ಇಟ್ಟಿದ್ದರು. ತಾರೀಕು, ಆ ಶನಿವಾರದ್ದು. ಪೀಸು: ಶೈಲಾ. ದೋಷ: ಕೇಳದೆ ಪುಸ್ತಕ ನೋಡಿದ್ದಾಳೆ. ಕೆಳಗೆ ಸಹಿ: ಜಯಮ್ಮ. ಕಾರಣದ ಕಾಲಂ ಖಾಲಿ ಇತ್ತು. ಗೀಟು ಕೂಡ ಎಳೆದಿರಲಿಲ್ಲ.

ನಾನು ಆ ಚೀಟಿ ಹಿಡಿದುಕೊಂಡು ಬಹಳ ಹೊತ್ತು ಅತ್ತೆ. ಅದನ್ನು ಬರೆದ ಮರುದಿನ ಬೆಳಿಗ್ಗೆಯೇ ಅವರು ನನಗೆ ಉಪ್ಪಿಟ್ಟು ಕಟ್ಟಿಕೊಂಡು ಬಂದಿದ್ದರು.